ಬಲಗಡೆ ಬಿದ್ದ ಸೇವಂತಿಗೆ

ಶ್ರೀಹರಿಯ ತಲೆಯ ಮೇಲೆ ಆಕಾಶ ಕಳಚಿ ಬೀಳುವುದಕ್ಕೆ ಒಂದು ಸೇವಂತಿಗೆ ಹೂ ಸಾಕಾಯಿತು. ಚಾಮರಾಜಪೇಟೆಯ ಕಾಲೇಜೊಂದರಲ್ಲಿ ಅವನು ಹದಿನಾಲ್ಕು ವರ್ಷದಿಂದ ತತ್ತ್ವಶಾಸ್ತ್ರದ ಹಂಗಾಮಿ ಮೇಷ್ಟ್ರು. "ನಂಬಿಕೆ ಉತ್ತರ ಸಿಕ್ಕಲ್ಲೇ ಕೂತುಬಿಡುತ್ತೆ, ತರ್ಕ ಆಮೇಲೂ ಪ್ರಶ್ನೆ ಕೇಳುತ್ತೆ" ಎಂದು ಬೋರ್ಡು ಕುಟ್ಟಿ ಹೇಳುವವನು. ಆ ದಿನ ಹನ್ನೊಂದಕ್ಕೆ ಅವನ ಕಾಯಂ ಹುದ್ದೆಯ ಸಂದರ್ಶನವಿತ್ತು.

ಬೆಳಿಗ್ಗೆ ಅತ್ತೆ ಭಾಗೀರಥಮ್ಮ ಅವನನ್ನು ಬಸವನಗುಡಿಯ ತಮ್ಮ ಬೀದಿಯ ಆಂಜನೇಯನ ಗುಡಿಗೆ ಎಳೆದೊಯ್ದರು. ಮನಸ್ಸಿನಲ್ಲಿ ಏನಾದರೂ ಕೇಳಿಕೊಂಡಾಗ ದೇವರ ಮೈಮೇಲಿನ ಹೂ ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಇಲ್ಲ.

"ಕೆಲ್ಸ ಆಗುತ್ತಾ ಅಂತ ಕೇಳ್ಕೊಳಿ."

"ಅತ್ತೆ, ನಾನು ತರ್ಕ ಪಾಠ ಮಾಡೋನು!"

"ಮಾಡಿ, ಯಾರು ಬೇಡ ಅಂದ್ರು? ಮೊದ್ಲು ಕೈ ಮುಗೀರಿ."

ಮುಗಿದ. ಸೇವಂತಿಗೆ ತೊಪ್ಪನೆ ಬಲಕ್ಕೆ ಬಿತ್ತು. ಎದುರುಮನೆಯ ತುಳಸಮ್ಮ ವಿಡಿಯೋ ಮಾಡಿ ಬೀದಿಯ ವಾಟ್ಸಾಪ್ ಗ್ರೂಪಿಗೆ ಹಾಕಿಯೂ ಆಯಿತು. ಆ ಗ್ರೂಪಿನಲ್ಲಿ ಕಾಲೇಜಿನ ಅಧ್ಯಕ್ಷ ನರಸಿಂಹಯ್ಯನವರೂ ಇದ್ದರು. ಮಗಳ ಮದುವೆಯನ್ನು ರಾಹುಕಾಲದಲ್ಲೇ ಮಾಡಿದ ಮಹಾ ವಿಚಾರವಾದಿ!

"ಡಿಲೀಟ್ ಮಾಡಿ ತುಳಸಮ್ಮಾ, ನಿಮ್ಮ ದಮ್ಮಯ್ಯ!"

"ಅಯ್ಯೋ, ನಲ್ವತ್ತು ಜನ ಆಗ್ಲೇ ಕೈ ಮುಗಿದಿದಾರೆ. ಅಳಿಸಿದ್ರೆ ಪಾಪ ಬರಲ್ವಾ?"

ಆಗ ಗರ್ಭಗುಡಿಯ ಎಡಮೂಲೆಯಲ್ಲಿದ್ದ ಟೇಬಲ್ ಫ್ಯಾನು ಅವನ ಕಣ್ಣಿಗೆ ಬಿತ್ತು. ಸದ್ಯ, ಬಚಾವಾದೆ ಅಂದುಕೊಂಡ. ಮನೆಯ ಫ್ಯಾನನ್ನು ಕಂಕುಳಲ್ಲಿ ಇರುಕಿಕೊಂಡು, ಜೇಬಿನ ತುಂಬ ಸೇವಂತಿಗೆ ತುಂಬಿಕೊಂಡು ಸಂದರ್ಶನಕ್ಕೆ ಹೋದ.

"ಸಾರ್, ಆ ವಿಡಿಯೋ ಪವಾಡ ಅಲ್ಲ, ಬರೀ ಫ್ಯಾನ್ ಗಾಳಿ. ನೋಡಿ!" ಫೈಲಿಗೆ ಒದ್ದೆ ಹೂ ಅಂಟಿಸಿ ಎಡಗಡೆಯಿಂದ ಗಾಳಿ ಬಿಟ್ಟ. ಮೂರು ಸಲವೂ ಹೂ ಬಲಕ್ಕೇ ಬಿತ್ತು.

ನರಸಿಂಹಯ್ಯನವರ ಮುಖ ಬಿಳಿಚಿಕೊಂಡಿತು. "ಖಂಡಿತಾನಾ?"

"ನೂರಕ್ಕೆ ನೂರು ಸಾರ್!"

ಅವರು ಎದ್ದು ಬಾಗಿಲು ಹಾಕಿದರು. "ಯಾರ್ಗೂ ಹೇಳ್ಬೇಡಿ. ಬೆಳಿಗ್ಗೆ ಕಂಬದ ಹಿಂದೆ ನಾನೂ ನಿಂತಿದ್ದೆ ಕಣ್ರೀ. ಕೆಲ್ಸ ನಿಮ್ಗೆ ಕೊಡ್ಲಾ ಅಂತ ಕೇಳ್ದೆ. ಬಲಕ್ಕೆ ಬಿತ್ತು. ಆರ್ಡರ್‌ಗೆ ಸೈನೂ ಹಾಕ್ಬಿಟ್ಟಿದ್ದೆ."

ಶ್ರೀಹರಿ ಬಾಯಿ ತೆರೆಯುವಷ್ಟರಲ್ಲಿ ಅವರು ಮೇಜಿನ ಮೇಲಿದ್ದ ಆರ್ಡರನ್ನು ಹರಿದು ನಾಲ್ಕು ಚೂರು ಮಾಡಿದರು.

"ಸಾರ್! ಸಾರ್!"

"ಉತ್ತರ ಸಿಕ್ಮೇಲೂ ಪ್ರಶ್ನೆ ಕೇಳ್ಬೇಕು ಅನ್ನೋರು ನೀವೇ ಅಲ್ವಾ? ನಾಳೆ ಫ್ಯಾನ್ ಆಫ್ ಮಾಡ್ಸಿ ಇನ್ನೊಂದ್ಸಲ ಕೇಳ್ತೀನಿ, ಇರಿ."

ಸಂಜೆ ಶ್ರೀಹರಿ ಯಾರೂ ಕರೆಯದೆ ಗುಡಿಗೆ ಓಡಿ ಅರ್ಚಕರನ್ನು ಹಿಡಿದ. "ಸ್ವಾಮಿ, ನಾಳೆ ಯಾರೇ ಹೇಳಿದ್ರೂ ಆ ಫ್ಯಾನ್ ಮಾತ್ರ ಆಫ್ ಮಾಡ್ಬೇಡಿ!"

ಅರ್ಚಕರು ಅವನನ್ನೇ ವಿಚಿತ್ರವಾಗಿ ನೋಡಿದರು. "ಆ ಫ್ಯಾನಾ? ಅದು ಸುಟ್ಟೋಗಿ ನಾಲ್ಕು ದಿನ ಆಯ್ತಲ್ಲ ಸಾರ್."

ಶ್ರೀಹರಿ ದೇವರ ಕಡೆ ತಿರುಗಿದ. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಕಣ್ಣು ಮುಚ್ಚಿ, ಮನಸಾರೆ ಕೈ ಮುಗಿದು, ಕೆಲಸ ಆಗುತ್ತಾ ಎಂದು ಕೇಳಿಕೊಂಡ.

ಹೂ ಎಡಕ್ಕೆ ಬಿತ್ತು.