ಎರಡನೇ ಮಹಡಿಯ ಮೆಟ್ಟಿಲಲ್ಲಿ ಜೀವಂತ

ನನ್ನ ನಾದಿನಿ ಕಳೆದ ವರ್ಷ ಮಾರ್ಚ್ ಒಂಬತ್ತರಂದು ತೀರಿಕೊಂಡಿರುವುದಾಗಿ ಸರ್ಕಾರಿ ದಾಖಲೆಯಲ್ಲಿದೆ. ವಿಷಯ ಆಕೆಗೆ ತಿಳಿದದ್ದು ಕಣ್ಣಿನ ಆಪರೇಷನ್ನಿಗೆ ಹೆಸರು ಬರೆಸಲು ಹೋದಾಗ. ಸತ್ತವರ ಪೊರೆ ತೆಗೆಯಲು ನಿಯಮದಲ್ಲಿ ಅವಕಾಶವಿಲ್ಲವೆಂದು ಆಸ್ಪತ್ರೆಯವರು ಸೌಜನ್ಯದಿಂದಲೇ ತಿಳಿಸಿದರು. ಶುಕ್ರವಾರದೊಳಗೆ ಜೀವಿತ ಪ್ರಮಾಣಪತ್ರ ತಂದರೆ ಸೋಮವಾರ ಆಪರೇಷನ್. ತಪ್ಪಿದರೆ ಮುಂದಿನ ಸರದಿ ಹದಿನಾಲ್ಕು ತಿಂಗಳ ನಂತರ. ಅಷ್ಟರೊಳಗೆ ಎಡಗಣ್ಣು ಪೂರ್ತಿ ಹೋಗುತ್ತದೆ ಎಂದೂ ಹೇಳಿದರು.

ಪ್ರಮಾಣಪತ್ರ ಕೊಡುವ ಕಚೇರಿ ರೈಲಿನಲ್ಲಿ ಆರು ಗಂಟೆಯ ದೂರದಲ್ಲಿದೆ. ಮರಣದ ದಿನ ಅರ್ಜಿದಾರರು ಬದುಕಿದ್ದರೆಂಬುದಕ್ಕೆ ಅದೇ ದಿನ ಬರೆದ ಮೂಲ ದಾಖಲೆ ಬೇಕು, ನಕಲು ನಡೆಯದು. ಅರ್ಜಿದಾರರು ಖುದ್ದಾಗಿ ಬಂದು ಎದುರು ನಿಲ್ಲುವುದು ದಾಖಲೆಯಲ್ಲ. ಇದು ನನಗೆ ನ್ಯಾಯವಾಗಿಯೇ ಕಂಡಿತು. ನಾನು ಬಿ.ಎ. ಓದಿದವಳು. ನಲವತ್ತೊಂದು ವರ್ಷದಿಂದ ಮನೆಯ ದಿನಚರಿಯನ್ನು ಒಂದು ದಿನವೂ ತಪ್ಪದೆ ಬರೆದಿದ್ದೇನೆ. ಆ ದಿನ ನಾದಿನಿ ನಮ್ಮ ಮನೆಗೆ ಊಟಕ್ಕೆ ಬಂದದ್ದು ಅದರಲ್ಲಿತ್ತು.

ಎರಡು ವರ್ಷದಿಂದ ನಾನು ಬರೆಯುವುದು ಅಳಿಯ ತಂದುಕೊಟ್ಟ ಲ್ಯಾಪ್‌ಟಾಪಿನಲ್ಲಿ.

"ಇದರೊಳಗೆ ಏನೂ ಇರಲ್ಲ ಅತ್ತೆ, ಅದಕ್ಕೇ ಇಷ್ಟು ಹಗುರ. ಎಲ್ಲಾ ಕ್ಲೌಡಲ್ಲಿರುತ್ತೆ. ಎಲ್ಲಿಗೆ ಹೋದ್ರೂ ನಿಮ್ಮ ಹಿಂದೇನೇ ಬರುತ್ತೆ" ಎಂದಿದ್ದ.

"ಹಿಂದೇನೇ ಬರೋದಾದ್ರೆ ಇದನ್ನ ಯಾಕಪ್ಪಾ ಹೊತ್ಕೊಂಡು ಹೋಗ್ಬೇಕು?"

"ಬಂತಾ ಅಂತ ನೋಡೋಕೆ."

ರೈಲು ಊರು ದಾಟಿದ ಮೇಲೆ ನೋಡಿದೆ. ಬಂದಿರಲಿಲ್ಲ. ನದಿಯ ಸೇತುವೆಯ ಮೇಲೆ ಇಂಟರ್ನೆಟ್ ಸಂಪರ್ಕ ಸಿಕ್ಕಿ, ಯಂತ್ರ ನನ್ನನ್ನು ನೀವು ಯಾರು ಎಂದು ಕೇಳಿತು. ಗುಪ್ತಪದ ಟೈಪ್ ಮಾಡುವಷ್ಟರಲ್ಲಿ ಸೇತುವೆ ಮುಗಿಯಿತು. ಮುಂದಿನ ನಿಲ್ದಾಣದಲ್ಲಿ ನಾನೇ ನಾನು ಎಂಬುದಕ್ಕೆ ಫೋನಿಗೆ ಸಂಖ್ಯೆ ಕಳಿಸಿರುವುದಾಗಿ ತಿಳಿಸಿತು. ಸಂಖ್ಯೆ ಬಂದದ್ದು ಎರಡು ನಿಲ್ದಾಣಗಳ ನಂತರ, ಅವಧಿ ಮೀರಿ.

"ಅತ್ತಿಗೆ, ನಾನು ಬದುಕಿದೀನಾ?" ಎಂದು ನಾದಿನಿ ಕಿಟಕಿಯ ಪಕ್ಕದಿಂದ ಕೇಳಿದಳು.

"ಇನ್ನೂ ತೆರೆದಿಲ್ಲ. ಸುಮ್ನೆ ಕೂತ್ಕೋ."

ಕಚೇರಿಯ ಗೋಡೆಗಳು ಎರಡು ಮೊಳ ದಪ್ಪ. ಇಡೀ ಕಟ್ಟಡದಲ್ಲಿ ಸಂಪರ್ಕ ಸಿಗುವುದು ಎರಡನೇ ಮಹಡಿಗೆ ಹತ್ತುವ ಮೆಟ್ಟಿಲ ತಿರುವಿನಲ್ಲಿ, ಒಡೆದ ಗಾಜಿನ ಕಿಟಕಿಯ ಬಳಿ ಮಾತ್ರ. ಅಲ್ಲಿ ದಿನಚರಿ ತೆರೆಯಿತು. ಗುಮಾಸ್ತರನ್ನು ಕರೆದೆ.

"ಅಲ್ಲಿಗೆ ಬಂದು ನೋಡೋ ಹಾಗಿಲ್ಲಮ್ಮ. ದಾಖಲೆನ ಮೇಜಿನ ಮೇಲಿಟ್ಟೇ ನೋಡ್ಬೇಕು ಅಂತ ರೂಲ್ಸು."

"ಮೇಜು ಎಲ್ಲಿರಬೇಕು ಅಂತಿದೆಯಾ?"

ಅವರು ನಿಯಮಾವಳಿ ತಿರುವಿ ಹಾಕಿದರು. ಇರಲಿಲ್ಲ. ಇಬ್ಬರು ಜವಾನರು ಮೇಜನ್ನು ಹೊತ್ತು ತಂದು, ಎರಡು ಕಾಲನ್ನು ಮೇಲಿನ ಮೆಟ್ಟಿಲಲ್ಲೂ ಎರಡು ಕಾಲನ್ನು ಹಳೆಯ ಫೈಲುಗಳ ಮೇಲೂ ನಿಲ್ಲಿಸಿದರು. ಗುಮಾಸ್ತರು ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದಿದರು: "ಮಾರ್ಚ್ ಒಂಬತ್ತು. ನಾದಿನಿ ಬಂದಳು. ಅಡುಗೆಗೆ ಉಪ್ಪು ಸಾಲದು ಎಂದಳು. ಮೂರು ಸಲ ಬಡಿಸಿಕೊಂಡಳು."

"ಅದನ್ನೂ ಬರೆದಿಟ್ಟಿದ್ದೀರಾ ಅತ್ತಿಗೆ?"

"ಬರೀದೇ ಇದ್ದಿದ್ರೆ ನೀನು ಸತ್ತೇ ಇರ್ತಿದ್ದೆ."

"ಸರಿ ಇದೆ," ಎಂದರು ಗುಮಾಸ್ತರು. "ಮೂರು ಸಲ ಅನ್ನೋದು ಬಲವಾದ ಸಾಕ್ಷಿ."

ಆದರೆ ಸಹಿ ಮೇಲಧಿಕಾರಿಗಳದ್ದು. ಅವರ ಕೋಣೆಗೆ ಲ್ಯಾಪ್‌ಟಾಪ್ ಒಯ್ದೊಡನೆ ದಿನಚರಿ ಮಾಯವಾಯಿತು. ಅವರು ಖಾಲಿ ಪರದೆಯನ್ನೂ ನಾದಿನಿಯನ್ನೂ ಸಮಾನವಾಗಿ ನೋಡಿದರು.

"ಮೆಟ್ಟಿಲಲ್ಲಿ ಬದುಕಿದಾರೆ ಸರ್. ನಾನೇ ಓದಿದೀನಿ," ಎಂದರು ಗುಮಾಸ್ತರು.

"ಇಲ್ಲಿ ಬದುಕಿರೋದು ಕಾಣ್ತಾ ಇಲ್ಲವಲ್ಲ. ಎರಡೂ ಕಡೆಗೆ ಅನ್ಯಾಯ ಆಗದ ಹಾಗೆ ಬರೀರಿ."

ಗುಮಾಸ್ತರು ಬರೆದರು: "ಸದರಿ ಅರ್ಜಿದಾರರು ಸಂಪರ್ಕ ಲಭ್ಯವಿರುವ ಸ್ಥಳಗಳಲ್ಲಿ ಜೀವಂತವಾಗಿರುತ್ತಾರೆ." ಸಹಿ, ಮೊಹರು ಎರಡೂ ಬಿದ್ದವು. ಶುಕ್ರವಾರ ಮುಗಿಯಲು ಇಪ್ಪತ್ತು ನಿಮಿಷವಿರುವಾಗ ಅದು ಆಸ್ಪತ್ರೆಯ ಕೈ ಸೇರಿತು.

ಆಪರೇಷನ್ ಕೋಣೆಯಲ್ಲಿ ಸಂಪರ್ಕವಿರಲಿಲ್ಲ. ವೈದ್ಯರು ಪತ್ರವನ್ನು ಎರಡು ಸಲ ಓದಿ, ದೀಪ, ಮಂಚ, ಉಪಕರಣಗಳನ್ನು ಆಂಬುಲೆನ್ಸ್ ನಿಲ್ಲುವ ವರಾಂಡಕ್ಕೆ ತರಿಸಿ ಪೊರೆ ತೆಗೆದರು. ಕಣ್ಣು ಚೆನ್ನಾಗಿದೆ. ಕಚೇರಿಯ ಮೇಜು ಈಗಲೂ ಮೆಟ್ಟಿಲಲ್ಲೇ ಇದೆಯಂತೆ. ಮೇಲೆ ಹೋಗುವವರು ಚಪ್ಪಲಿ ಬಿಟ್ಟು ಅದನ್ನು ದಾಟುತ್ತಾರೆ.

ನಾದಿನಿ ನಿನ್ನೆ ಊಟಕ್ಕೆ ಬಂದಿದ್ದಳು. ಈಗ ಆಕೆಗೆ ಮುಂದಿನ ಕೋಣೆಯಲ್ಲಿ, ಕಿಟಕಿಯ ಪಕ್ಕದಲ್ಲೇ ತಟ್ಟೆ ಹಾಕುತ್ತೇವೆ. ಎರಡು ತುತ್ತು ತಿಂದು ಉಪ್ಪು ಸಾಲದು ಎಂದು ಏಳಹೋದಳು.

ಅಡುಗೆಮನೆಯಲ್ಲಿ ಸಂಪರ್ಕ ಸಿಗುವುದಿಲ್ಲ. ಉಪ್ಪು ತರಲು ನಾನೇ ಎದ್ದೆ.