ಕಂಪ್ಯೂಟರಿಗೆ ಕನ್ನಡ ಕಲಿಸುವವರಿಗೆ ನನ್ನ ಸೂಚನೆಗಳು

ನಾನು ಒಂದು ನಿಯಮ ಬರೆದರೆ ಸಾಕು, ಯಾರಾದರೂ ಅದನ್ನು ಚಾಚೂ ತಪ್ಪದೆ ಪಾಲಿಸಿ ನನ್ನ ಜೀವ ತಿನ್ನುತ್ತಿದ್ದರು. ನಿಯಮ ಮುರಿಯುವವರಿಂದ ನನಗೆ ಎಂದೂ ಅಷ್ಟು ತ್ರಾಸಾಗಿಲ್ಲ.

ಎರಡು ಸಾವಿರದ ಇಸವಿಯ ಆಚೀಚಿನ ಮಾತು. ನಾನು ವಾಡಿಯಲ್ಲಿದ್ದೆ, ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದೆ. ಪುಕ್ಕಟೆ ಸಿಗುವ ಒಂದು ತಂತ್ರಾಂಶವನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ಬೆಂಗಳೂರಿನ ಕೆಲವರು ಕೈಹಾಕಿದ್ದರು. ಸಂಬಳವಿಲ್ಲ, ಚಹಾ ಕೂಡ ಇಲ್ಲ. ನಮ್ಮ ಕಡೆಯವರಿಗೆ ಬಂದ ಪಾಲು ಹೊತ್ತಿಗೆ ಸರಿಯಾಗಿ ಮುಗಿಯದಿದ್ದರೆ ಹೊಸ ಆವೃತ್ತಿ ಕನ್ನಡವಿಲ್ಲದೆ ಹೊರಬೀಳುತ್ತಿತ್ತು. ಕೆಲಸಕ್ಕೆ ಬರುವವರಿಗೆ ಸೂಚನೆ ಬರೆಯುವ ಹೊಣೆಯನ್ನು ನನ್ನ ತಲೆಗೆ ಕಟ್ಟಿದರು.

ಮನೆಮಾತು

"ಗ್ರಾಂಥಿಕ ಬೇಡ, ಮನೆಯಲ್ಲಿ ಮಾತಾಡುವಂತೆ ಬರೆಯಿರಿ" ಎಂದು ಬರೆದೆ. ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲಿನ ವ್ಯಾಪಾರಿ ಒಬ್ಬರು ಇದ್ದರು, ಭಾಳ ಹುರುಪಿನವರು. ಕಡತ ಸಿಗದಿದ್ದಾಗ ಪರದೆಯ ಮೇಲೆ ಬರುವ ಮಾತನ್ನು ಅವರು ಹೀಗೆ ಬರೆದು ಕಳಿಸಿದರು: "ಇಲ್ಲಿಲ್ಲ. ಎಲ್ಲಿ ಇಟ್ಟೀರಿ ನೀವೇ ನೆನಪ ಮಾಡ್ಕೋರಿ." ಗುಪ್ತಪದ, ಅಂದರೆ ಪಾಸ್‌ವರ್ಡ್, ತಪ್ಪಾದರೆ: "ಮತ್ತ ಮರ್ತೀರೇನು?"

ನಾನು ಫೋನ್ ಮಾಡಿದೆ. "ಏನ್ರಿ ಇದು, ಕಂಪ್ಯೂಟರ್ ಬೈದಂಗ ಆಗ್ತದಲ್ರಿ!"

"ಮೇಡಂ, ನೀವೇ ಹೇಳೀರಿ, ಮನ್ಯಾಗ ಮಾತಾಡಿದಂಗ ಬರೀರಿ ಅಂತ. ನಮ್ಮ ಮನ್ಯಾಗ ಏನರ ಕಳದ್ರ ನಮ್ಮಾಕಿ ಹಿಂಗೇ ಅಂತಾಳ್ರಿ."

"ಆದ್ರೂ ಜರಾ ಮೆತ್ತಗ ಬರೀರಿ."

"ಮೆತ್ತಗೇ ಬರದೀನ್ರಿ. ಬೈಗುಳ ಎಲ್ಲಾ ತಗದ ಮ್ಯಾಲ ಉಳಿದದ್ದು ಇದು."

ಗೌರವ

ಆ ನಿಯಮ ಹೊಡೆದುಹಾಕಿ "ಬಳಸುವವರನ್ನು ಗೌರವದಿಂದ ಮಾತಾಡಿಸಿರಿ" ಎಂದು ಹಾಕಿದೆ. ಇದು ಚಿತ್ತಾಪುರದ ನಿವೃತ್ತ ಕನ್ನಡ ಮಾಸ್ತರರ ಕೈಗೆ ಸಿಕ್ಕಿತು. ನನಗೆ ಹಳಗನ್ನಡ ಕಲಿಸಿದವರು. 'ರದ್ದು' ಎಂದು ಎರಡಕ್ಷರ ಬರೆಯಬೇಕಾದ ಗುಂಡಿಯ ಮೇಲೆ "ತಮ್ಮ ಅಪ್ಪಣೆಯಾದಲ್ಲಿ ಈ ಕಾರ್ಯವನ್ನು ಇಲ್ಲಿಗೇ ಕೈಬಿಡಲಾಗುವುದು" ಎಂದು ಬರೆದಿದ್ದರು. ಗುಂಡಿ ಪರದೆ ದಾಟಿ ಹೋಗಿತ್ತು, ಪಕ್ಕದ ಗುಂಡಿ ಕಾಣಿಸುತ್ತಲೇ ಇರಲಿಲ್ಲ.

ಫೋನಿನಲ್ಲಿ ಹೇಳುವ ಧೈರ್ಯವಾಗದೆ ಚಿತ್ತಾಪುರಕ್ಕೇ ಹೋದೆ. ಪಂಪನ ಕಾಲದಿಂದ ಹಿಡಿದು ಕ್ಷೇಮ ಸಮಾಚಾರದವರೆಗೆ ಎಲ್ಲ ಮಾತಾಡಿದ ಮೇಲೆ ಮೆಲ್ಲಗೆ ಅಂದೆ, "ಸರ್, ಬಟನ್ ಸಣ್ಣದದ. ಇಷ್ಟೆಲ್ಲಾ ಹಿಡಿಯಂಗಿಲ್ರಿ."

ಮಾಸ್ತರರು ಕನ್ನಡಕ ತೆಗೆದು ನನ್ನ ಕಡೆ ನೋಡಿದರು. ಪರೀಕ್ಷೆಯಲ್ಲಿ ಅಂಕ ಕಡಿಮೆ ಬಿದ್ದಾಗ ನೋಡುತ್ತಿದ್ದ ಹಾಗೆಯೇ.

"ಬಟನ್ ದೊಡ್ಡದು ಮಾಡ್ಸವ್ವ. ಭಾಷಾ ಸಣ್ಣದು ಮಾಡಾಕ ನನಗ ಬರಂಗಿಲ್ಲ."

ತಿದ್ದುಪಡಿ

ಸೇಡಂನಲ್ಲಿ ಗಂಡ ಹೆಂಡತಿ ಇಬ್ಬರೂ ಶಾಲೆಯಲ್ಲಿ ಕಲಿಸುವವರು, ಇಬ್ಬರೂ ನಮ್ಮ ಕೆಲಸಕ್ಕೆ ಸೇರಿದ್ದರು. ಇಂಗ್ಲಿಷಿನ 'ಹೋಮ್' ಎಂಬುದಕ್ಕೆ ಗಂಡ ಹಗಲು 'ಮುಖಪುಟ' ಎಂದು ಬರೆದರೆ ಸಂಜೆಗೆ ಹೆಂಡತಿ ಅದನ್ನು 'ಮನೆ' ಮಾಡುತ್ತಿದ್ದರು. ಮರುದಿನ ಮತ್ತೆ ಮುಖಪುಟ. ವಾರಗಟ್ಟಲೆ ಇದೇ ನಡೆದು ನನಗೆ ಸಾಕಾಯಿತು. "ಒಬ್ಬರು ಬರೆದದ್ದನ್ನು ಅವರ ಒಪ್ಪಿಗೆಯಿಲ್ಲದೆ ಇನ್ನೊಬ್ಬರು ತಿದ್ದಬಾರದು" ಎಂದು ಬರೆದು ಎಲ್ಲರಿಗೂ ಕಳಿಸಿದೆ.

ಗಂಡ ಮರುದಿನವೇ ರೈಲು ಹತ್ತಿ ವಾಡಿಗೆ ಬಂದರು. "ಮೇಡಂ, ಈ ನಿಯಮ ದೊಡ್ಡ ಅಕ್ಷರದಾಗ ಪ್ರಿಂಟ್ ಹೊಡ್ಸಿ ಕೊಡ್ರಿ. ಗ್ವಾಡಿಗಿ ಹಚ್ಚತೀನಿ."

"ಕಂಪ್ಯೂಟರ್ ಮುಂದರಿ?"

"ಅಡಗಿಮನ್ಯಾಗ್ರಿ. ಲಗ್ನ ಆದಾಗಿಂದ ನನ್ನ ಮಾತು ತಿದ್ದಬ್ಯಾಡ ಅಂತ ಹೇಳಬೇಕಂದ್ರ ಬಾಯೇ ಬಂದಿದ್ದಿಲ್ಲ. ನೀವು ಬರದು ಕೊಟ್ರಿ."

ಪ್ರಿಂಟ್ ಕೊಟ್ಟು ಕಳಿಸಿದೆ. ಕೆಲವು ದಿನ ಬಿಟ್ಟು ಹೇಗಿದೆ ಎಂದು ಫೋನ್ ಮಾಡಿದೆ. ಆ ಕಡೆಯಿಂದ ಸೋತ ದನಿ ಬಂತು. "ಹಚ್ಚೀನ್ರಿ. ಅದ್ರಾಗಿನ ಕಾಗುಣಿತದ ತಪ್ಪೆಲ್ಲಾ ಕೆಂಪು ಪೆನ್ನಿನ್ಯಾಗ ತಿದ್ದ್ಯಾಳ್ರಿ."

ಅನುಮಾನ

ಕೊನೆಗೆ ಬೇಸತ್ತು, "ಅನುಮಾನವಿದ್ದರೆ ಸಂಕೋಚವಿಲ್ಲದೆ ಕೇಳಿರಿ" ಎಂದು ಬರೆದು ಕೆಳಗೆ ನಮ್ಮ ಮನೆಯ ಫೋನ್ ನಂಬರ್ ಹಾಕಿದೆ. ಹಗಲು ನಾನು ಕಾಲೇಜಿನಲ್ಲಿ. ಫೋನ್ ಎತ್ತುವವರು ನಮ್ಮ ಅತ್ತೆ.

ಒಂದು ಶನಿವಾರ ಮನೆಗೆ ಬಂದರೆ ಅತ್ತೆ ದೇವರ ಮುಂದೆ ದೀಪ ಹಚ್ಚಿಟ್ಟು ಕುಳಿತಿದ್ದಾರೆ. ಮುಖ ಸಣ್ಣದಾಗಿದೆ.

"ಚಿಂಚೋಳಿಯಿಂದ ಒಂದು ಹುಡುಗಿ ಫೋನ್ ಮಾಡಿತ್ತು," ಅಂದರು. "ತಾಯಿ ಸತ್ತಾಳಂತ. ಮಕ್ಕಳನ್ನ ಕೊಲ್ಲಬೇಕೋ, ಹಂಗೇ ಬಿಡಬೇಕೋ ಅಂತ ಕೇಳ್ತು. ಮೇಡಂ ನಿಯಮದಾಗ ಹೇಳ್ಯಾರ ಅಂತು. ಇಂಥದ್ದಕ್ಕೂ ನಿಯಮ ಬರದೀಯೇನು ನೀ?"

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕಂಪ್ಯೂಟರಿನೊಳಗೆ ಒಂದು ಕೆಲಸ ಇನ್ನೊಂದನ್ನು ಶುರು ಮಾಡಿದರೆ ಮೊದಲನೆಯದಕ್ಕೆ ತಾಯಿ, ಎರಡನೆಯದಕ್ಕೆ ಮಗು ಅನ್ನುತ್ತಾರೆ, ನಿಲ್ಲಿಸುವುದಕ್ಕೆ ಕೊಲ್ಲುವುದು ಅನ್ನುತ್ತಾರೆ, ಅದನ್ನು ಕನ್ನಡದಲ್ಲಿ ಹೇಗೆ ಬರೆಯಬೇಕೆಂದು ಆಕೆ ಕೇಳಿದ್ದು ಎಂದು ಬಿಡಿಸಿ ಹೇಳಿದೆ. ಅತ್ತೆ ಹೂಂಗುಟ್ಟಿದರು, ನಂಬಲಿಲ್ಲ.

"ನೀವೇನಂದ್ರಿ ಆಕಿಗಿ?"

"ಯಾರ್ನೂ ಕೊಲ್ಲಬ್ಯಾಡವ್ವ, ಎಲ್ಲಾರ್ನೂ ಕರ್ಕೊಂಡು ನಾಳಿ ನಮ್ಮನಿಗಿ ಬಂದ್ಬಿಡು, ನಾ ಸಾಕತೀನಿ ಅಂದೀನಿ."

ಹುಡುಗಿ ಹೊಸದಾಗಿ ಶಾಲೆಗೆ ಸೇರಿದ ಟೀಚರ್, ನಮ್ಮ ಕೆಲಸಕ್ಕೂ ಸೇರಿದ್ದಳು. ಚಿಂಚೋಳಿಯಲ್ಲಿ ಆ ವಾರ ಇಂಟರ್ನೆಟ್ ಕೆಟ್ಟು ಕೂತಿತ್ತು. ಹೊತ್ತು ಮೀರುತ್ತಿದೆ, ಅದಕ್ಕೇ ಮೇಡಂ ಕೆಲಸವನ್ನೆಲ್ಲ ಕೈಯಲ್ಲೇ ತರಲು ಹೇಳಿಕಳಿಸಿದ್ದಾರೆ ಎಂದು ತಿಳಿದು ಭಾನುವಾರ ಬಸ್ ಹಿಡಿದು ಬಂದೇಬಿಟ್ಟಳು. ಆಕೆ ತಂದದ್ದರಿಂದಲೇ ಆ ಸಲ ನಮ್ಮ ಪಾಲು ಬೆಂಗಳೂರಿಗೆ ವೇಳೆಗೆ ಮುಟ್ಟಿತು, ಕನ್ನಡ ಉಳಿಯಿತು. ಆದರೆ ಅದು ಸಂಜೆಯ ಮಾತು. ಬಾಗಿಲು ತೆಗೆದವರು ಅತ್ತೆ. ಹುಡುಗಿಯ ಬೆನ್ನ ಹಿಂದೆ ನೋಡಿದರು, ಅಂಗಳ ನೋಡಿದರು, ಬೀದಿಯ ತುದಿಯವರೆಗೂ ನೋಡಿದರು.

"ಮಕ್ಕಳು ಎಲ್ಲವ್ವ?"

ಹುಡುಗಿ ನಗುನಗುತ್ತ ಚೀಲದಿಂದ ಸ್ಟೀಲಿನ ಡಬ್ಬಿ ತೆಗೆದಳು. ಒಳಗೆ ಕಡತ ತುಂಬಿದ ಫ್ಲಾಪಿ ಡಿಸ್ಕುಗಳಿದ್ದವು. "ಎಲ್ಲಾ ಇದ್ರಾಗೇ ಅವ್ರಿ ಅಜ್ಜಿ. ಬಸ್ಸಿನ್ಯಾಗ ಭಾಳ ಗದ್ದಲಿತ್ತು, ಮುರದಾವಂತ ರೊಟ್ಟಿ ಡಬ್ಬ್ಯಾಗ ಹಾಕ್ಕೊಂಡು ಬಂದೀನಿ."