ಚಕ್ರವಿಲ್ಲದ ವಾಹನಕ್ಕೆ ನಿಂಬೆಹಣ್ಣು

ನಮ್ಮ ಮನೆಯಲ್ಲಿ ಗ್ಯಾಸ್ ಸಿಲಿಂಡರ್ ಯಾವಾಗ ಬದಲಾಯಿತು, ಮೇಲಿನ ಟ್ಯಾಂಕು ಎಷ್ಟು ಹೊತ್ತಿಗೆ ಖಾಲಿಯಾಗುತ್ತದೆ, ದೋಸೆ ಹಿಟ್ಟು ಇನ್ನೆಷ್ಟು ದೋಸೆಗೆ ಬರುತ್ತದೆ, ಇವನ್ನೆಲ್ಲ ಯಾರಾದರೂ ನನ್ನನ್ನೇ ಕೇಳಬೇಕು. ಸವಳಂಗ ರಸ್ತೆಯ ನಮ್ಮ ಬೀದಿಯಲ್ಲಿ ಈ ಮಟ್ಟದ ಗೃಹಜ್ಞಾನವುಳ್ಳ ಗಂಡಸು ಇನ್ನೊಬ್ಬನಿಲ್ಲ ಎಂದು ವಿನಯದಿಂದಲೇ ಹೇಳುತ್ತೇನೆ. ಆದರೆ ಭದ್ರಾವತಿಯ ನನ್ನ ಮಾವನವರಿಗೆ ಇದು ಜ್ಞಾನ ಎಂದು ಇವತ್ತಿಗೂ ಅನ್ನಿಸಿಲ್ಲ.

ಮಾವ ಕಾರ್ಖಾನೆಯ ವರ್ಕ್‌ಶಾಪಿನಲ್ಲಿ ದುಡಿದು ನಿವೃತ್ತರಾದವರು. ಅವರ ಪ್ರಕಾರ ಜಗತ್ತಿನಲ್ಲಿ ಇರುವುದು ಎರಡೇ ಬಗೆಯ ಮನುಷ್ಯರು: ಸ್ಪ್ಯಾನರ್ ಹಿಡಿಯಲು ಬರುವವರು, ಬಾರದವರು. ಮದುವೆಯಾದ ಹೊಸತರಲ್ಲಿ ನಾನು ಅವರ ಸೈಕಲ್ಲಿಗೆ ಗಾಳಿ ಹೊಡೆಯಲು ಹೋಗಿ, ವಾಲ್ವನ್ನೇ ಕಿತ್ತು ಭಕ್ತಿಯಿಂದ ಅವರ ಕೈಗೆ ಕೊಟ್ಟಿದ್ದೆ. ಅಂದಿನಿಂದ ಆ ಮನೆಯಲ್ಲಿ ನನಗೆ ಕಾಫಿ ಲೋಟ ಬಿಟ್ಟು ಬೇರೆ ಯಾವ ವಸ್ತುವನ್ನೂ ಮುಟ್ಟುವ ಯೋಗ ಬಂದಿರಲಿಲ್ಲ. ಒಂದೇ ಒಂದು ಸಲ ಅವರ ಬಾಯಲ್ಲಿ “ಭೇಷ್ ಅಳಿಯಂದಿರೇ” ಅನ್ನಿಸಿಕೊಳ್ಳಬೇಕು ಎಂಬುದು ನನ್ನ ಬಹುಕಾಲದ ಆಸೆ.

ಅಂಥ ಮಾವನ ಪ್ರಾಣ ಇರುವುದು ಒಂದು ಮೋಟರಿನಲ್ಲಿ. ದೋಣಿಯ ಹಿಂಬದಿಯ ಹಲಗೆಗೆ ಕಚ್ಚಿಸುತ್ತಾರಲ್ಲ, ತಲೆಯಲ್ಲಿ ಇಂಜಿನ್ನು, ಕಾಲಲ್ಲಿ ಫ್ಯಾನು, ಅದು. ಎಂದೋ ಹರಾಜಿನಲ್ಲಿ ತುಕ್ಕು ಹಿಡಿದ ಸ್ಥಿತಿಯಲ್ಲಿ ಸಿಕ್ಕಿದ್ದನ್ನು ತಂದು, ತಿಕ್ಕಿ ತೀಡಿ, ಜೀವ ಕೊಟ್ಟು, ಅತ್ತೆಯ ಹಳೆಯ ಹತ್ತಿ ಸೀರೆಯಲ್ಲಿ ಸುತ್ತಿ ಇಟ್ಟಿದ್ದಾರೆ. ಹೆಸರು ‘ಸಾಹೇಬ’. ಮನೆಗೆ ನೆಂಟರು ಬಂದರೆ ಮೊದಲು ಸಾಹೇಬನ ದರ್ಶನ, ಆಮೇಲೆ ನೀರು, ಬೆಲ್ಲ.

ಹೀಗಿರುವಾಗ ಊರಾಚೆಯ ದೊಡ್ಡ ಕೆರೆಯಲ್ಲಿ ಹಳೇ ಮೋಟರು, ಹಳೇ ದೋಣಿಗಳ ಹುಚ್ಚಿರುವವರೆಲ್ಲ ಒಂದು ಭಾನುವಾರ ಸೇರುತ್ತಾರೆ ಎಂಬ ಸುದ್ದಿ ಬಂತು. ಮಾವನ ಕಣ್ಣು ಹೊಳೆಯಿತು. ಆದರೆ ಮರುಕ್ಷಣವೇ ಭುಜ ನೀವಿಕೊಂಡರು. ಸಾಹೇಬ ಸ್ಟಾರ್ಟ್ ಆಗಬೇಕಾದರೆ ಹಗ್ಗ ಸುತ್ತಿ ರಪ್ಪನೆ ಎಳೆಯಬೇಕು. ಈಗ ಅವರ ಭುಜ ಅದಕ್ಕೆ ಒಪ್ಪುವುದಿಲ್ಲ.

“ಯಾರಾದ್ರೂ ಎಳೆಯೋರು ಬೇಕಲ್ಲ...” ಎಂದು ಅವರು ಮಗಳ ಕಡೆಗೆ, ಅಂದರೆ ನನ್ನ ಹೆಂಡತಿ ವಿಜಯಾಳ ಕಡೆಗೆ ನೋಡಿದರು. ಅವಳು ಬಾಯಿ ತೆರೆಯುವ ಮೊದಲೇ ನಾನು ನುಗ್ಗಿದೆ.

“ನಾನಿದ್ದೀನಲ್ಲ ಮಾವ! ಎಳೆಯೋದಷ್ಟೇ ಅಲ್ಲ, ಓಡ್ಸೋದೂ ನಂದೇ!”

ಅತ್ತೆ ಒಗ್ಗರಣೆ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತರು. ಮಾವ ಬಹಳ ಹೊತ್ತು ನನ್ನ ಅಂಗೈಗಳನ್ನು ನೋಡಿದರು. ಕೊನೆಗೆ, “ಎರಡೇ ಮಾತು ಅಳಿಯಂದಿರೇ. ಹಲಗೆ ಕಚ್ಚೋ ಕ್ಲಾಂಪಿನ ಎರಡು ಸ್ಕ್ರೂನೂ ಮಣಿಕಟ್ಟು ನೋಯೋ ತನಕ ಬಿಗೀಬೇಕು. ಮೋಟರಿಂದ ದೋಣಿಗೆ ಒಂದು ಹಗ್ಗ ಕಟ್ಬೇಕು. ಇಷ್ಟು ಮಾಡಿದ್ರೆ ಸಾಕು,” ಎಂದರು.

ನಮ್ಮ ಮನೆಗೆ ಮರಳುವ ದಾರಿಯಲ್ಲಿ ವಿಜಯಾ ಕೇಳಿದಳು: “ರೀ, ನಿಮಗೆ ದೋಣಿ ಓಡ್ಸಕ್ಕೆ ಬರುತ್ತಾ?”

“ಸಕ್ರೆಬೈಲಲ್ಲಿ ಆನೆ ಮೇಲೆ ಕೂತಿರ್ಲಿಲ್ವಾ? ಇದೇನು ಮಹಾ!”

“ಆನೆ ಓಡಿಸಿದ್ದು ಮಾವುತ ಮಾರಾಯ್ರೆ. ನೀವು ಮೇಲೆ ಕೂತು ಕಣ್ಣು ಮುಚ್ಕೊಂಡಿದ್ರಿ.”

ಮೋಟರಿನ ಬಗ್ಗೆ ನನಗೆ ಏನೂ ಗೊತ್ತಿಲ್ಲ, ಒಪ್ಪಿದೆ. ಆದರೆ ಪೂಜೆಯ ಬಗ್ಗೆ ಗೊತ್ತು. ವರ್ಷಗಟ್ಟಲೆ ಸುಮ್ಮನೆ ಕೂತಿದ್ದ ವಾಹನವನ್ನು ಪೂಜೆಯಿಲ್ಲದೆ ಹೊರಡಿಸುವುದುಂಟೆ? ಶನಿವಾರ ಸಂಜೆಯೇ ಗಾಂಧಿ ಬಜಾರಿಗೆ ಹೋಗಿ ಚೆಂಡು ಹೂವಿನ ಮಾಲೆ, ಅರಿಶಿನ, ಕುಂಕುಮ, ತೆಂಗಿನಕಾಯಿ, ಒಂದು ಜೊತೆ ಬಾಳೆಕಂದು, ಒಂದು ಜೊತೆ ನಿಂಬೆಹಣ್ಣು ಆರಿಸಿ ಆರಿಸಿ ತಂದೆ. ನಿಂಬೆಹಣ್ಣನ್ನಂತೂ ಮೂಸಿ, ಒತ್ತಿ, ತೊಗಟೆ ತೆಳ್ಳಗಿರುವುದನ್ನೇ ತೆಗೆದುಕೊಂಡೆ. ರಸ ಚೆನ್ನಾಗಿರಬೇಕು ನೋಡಿ!

ಭಾನುವಾರ ಕೆರೆ ದಂಡೆಯ ಮೇಲೆ ಬೇರೆಯದೇ ಲೋಕ. ದೊಡ್ಡ ದೊಡ್ಡ ಮನುಷ್ಯರು ನೆಲಕ್ಕೆ ಕುಕ್ಕರುಗಾಲಲ್ಲಿ ಕೂತು ಒಬ್ಬರ ಮೋಟರನ್ನು ಇನ್ನೊಬ್ಬರು ಸವರುತ್ತಿದ್ದರು. ಯಾರದೋ ಇಂಜಿನ್ನು ಕೆಮ್ಮಿ ನೀಲಿ ಹೊಗೆ ಬಿಟ್ಟರೆ ಉಳಿದವರು ಅದನ್ನು ಕಣ್ಣು ಮುಚ್ಚಿ ಎಳೆದುಕೊಂಡು, “ಆಹಾ” ಎನ್ನುತ್ತಿದ್ದರು. ನಮ್ಮ ಮನೆಯಲ್ಲಿ ಅಂಥ ಹೊಗೆ ಬಂದಿದ್ದರೆ ವಿಜಯಾ ಕಿಟಕಿ ತೆಗೆಸಿ ಬೈಯುತ್ತಿದ್ದಳು.

ಮಾವನ ಕಾರ್ಖಾನೆಯ ಗೆಳೆಯ ಸೆಲ್ವಂ ತಮ್ಮ ಮರದ ದೋಣಿ ತಂದಿದ್ದರು. ಹೀಗೆ ಮೋಟರು ಮಾವನದು, ದೋಣಿ ಸೆಲ್ವಂ ಅವರದು, ಗತ್ತು ನನ್ನದು. ಸಾಹೇಬನ ಸೀರೆ ಬಿಚ್ಚಿದ್ದೇ ತಡ, ಜನ ಮುತ್ತಿಕೊಂಡರು. ಮಾವ ಮದುಮಗಳ ತಂದೆಯ ಹಾಗೆ ಎಲ್ಲರಿಗೂ ಉತ್ತರ ಕೊಡುವುದರಲ್ಲಿ ಮುಳುಗಿದರು. ಮೋಟರನ್ನು ಹಲಗೆಗೆ ಕೂರಿಸಿ, ಬಿಗಿಯುವ ಕೆಲಸ ನನಗೆ ಒಪ್ಪಿಸಿದರು.

ಮೊದಲು ಬಾಳೆಕಂದು. ದೋಣಿಯ ಎರಡೂ ಬದಿಗೆ ನಿಲ್ಲಿಸಿದೆ, ಗಾಳಿಗೆ ವಾಲಿದವು. ಕಟ್ಟಲು ಏನಾದರೂ ಬೇಕಲ್ಲ? ಅಲ್ಲೇ ಒಂದು ಒಳ್ಳೆಯ ನೈಲಾನ್ ಹಗ್ಗವಿತ್ತು. ಮೋಟರನ್ನು ದೋಣಿಗೆ ಕಟ್ಟಲೆಂದು ಮಾವ ತಂದದ್ದು. ಕ್ಲಾಂಪು ಹೇಗೂ ಬಿಗಿಯುತ್ತೇವೆ, ಹಗ್ಗ ಹೆಚ್ಚುವರಿ ತಾನೇ ಎಂದು ಯೋಚಿಸಿ ಅದನ್ನು ಕುಯ್ದು ಬಾಳೆಕಂದುಗಳನ್ನು ಗಂಟಿನ ಮೇಲೆ ಗಂಟು ಹಾಕಿ ಕಟ್ಟಿದೆ. ಸುಂದರವಾಗಿ ಕಂಡಿತು.

ನಂತರ ಎದುರಾಯಿತು ನೋಡಿ, ಯಾವ ಪಂಚಾಂಗದಲ್ಲೂ ಉತ್ತರವಿಲ್ಲದ ಪ್ರಶ್ನೆ. ನಿಂಬೆಹಣ್ಣು ಇಡುವುದು ಚಕ್ರದ ಕೆಳಗೆ. ಚಕ್ರವೇ ಇಲ್ಲದ ವಾಹನಕ್ಕೆ ಎಲ್ಲಿಡಬೇಕು?

“ಸೆಲ್ವಂ ಅವ್ರೆ, ನೀವು ದೋಣಿಗೆ ನಿಂಬೆಹಣ್ಣು ಎಲ್ಲಿ ಇಡ್ತೀರಿ?”

“ನಾನಾ ಸಾರ್? ನಾನು ಮೀನ್ ಸಾರಿಗೆ ಹಿಂಡ್ತೀನಿ.”

ಇವರಿಂದ ಪ್ರಯೋಜನವಿಲ್ಲ ಎಂದು ನಾನೇ ಶಾಸ್ತ್ರೋಕ್ತವಾಗಿ ಚಿಂತಿಸಿದೆ. ವಾಹನ ಯಾವುದರ ಮೇಲೆ ನಿಲ್ಲುತ್ತದೋ ಅದರಡಿ ನಿಂಬೆಹಣ್ಣು. ಸಾಹೇಬ ನಿಂತಿರುವುದು ಯಾವುದರ ಮೇಲೆ? ಕ್ಲಾಂಪಿನ ಮೇಲೆ. ಕ್ಲಾಂಪಿಗೆ ಸ್ಕ್ರೂ ಎರಡು, ನನ್ನ ಬಳಿ ನಿಂಬೆಹಣ್ಣು ಎರಡು. ದೇವರೇ ಅಳೆದು ಕೊಟ್ಟ ಹಾಗಿತ್ತು! ಒಂದೊಂದು ಸ್ಕ್ರೂವಿನ ತುದಿಗೂ ಹಲಗೆಗೂ ನಡುವೆ ಒಂದೊಂದು ಹಣ್ಣಿಟ್ಟು ತಿರುಗಿಸಿದೆ. ಪಚಕ್ ಎಂದು ಒಡೆದವು. ಮತ್ತೂ ತಿರುಗಿಸಿದೆ. ಮಾವ ಹೇಳಿದಂತೆ ಮಣಿಕಟ್ಟು ನೋಯುವ ತನಕ ಬಿಗಿದೆ. ಅದರ ಮೇಲೆ ಕೆಂಪು ರವಿಕೆ ಕಣ, ಅದರ ಮೇಲೆ ಚೆಂಡು ಹೂವು.

“ಬಿಗಿಯಾಗಿದೆಯಾ?” ದಡದಿಂದಲೇ ಮಾವ ಕೂಗಿದರು.

“ಕಲ್ಲಿನ ಹಾಗಿದೆ ಮಾವ!”

“ಹಗ್ಗ?”

“ಕಟ್ಟಾಯ್ತು!” ಸುಳ್ಳಲ್ಲವಲ್ಲ. ಕಟ್ಟಿದ್ದೆ. ಬಾಳೆಕಂದಿಗೆ.

ಕೂಟದ ವ್ಯವಸ್ಥಾಪಕರು ಬಂದು ನನಗೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ತೊಡಿಸಿದರು. ಅದನ್ನು ತೊಟ್ಟ ಮೇಲೆ ನನಗೆ ನನ್ನ ಕಾಲು ಕಾಣಿಸಲಿಲ್ಲ. ದೋಣಿ ಹತ್ತಿ, ಸ್ಟಾರ್ಟ್ ಮಾಡುವ ಹಗ್ಗ ಸುತ್ತಿ ಎಳೆದೆ. ಸಾಹೇಬ “ಫುಸ್” ಎಂದ. ಮತ್ತೆ ಎಳೆದೆ. “ಫುಸ್.” ನನ್ನ ತೋಳು ಇನ್ನೇನು ಕಳಚಿ ಬೀಳಬೇಕು ಎನ್ನುವಾಗ ‘ಪಟ ಪಟ ಪಟ’ ಎಂದು ಶುರುವಾಯಿತು! ದಡದಲ್ಲಿ ಚಪ್ಪಾಳೆ. ಮೋಟರಿನ ಹಿಡಿ ತಿರುಗಿಸಿದೆ. ದೋಣಿ ಮುಂದಕ್ಕೆ ಚಿಮ್ಮಿತು. ನೀರು ಎರಡು ಪಾಲಾಯಿತು. ಬಾಳೆಲೆ ಪತಾಕೆಯಂತೆ ಹಾರಾಡಿತು. ಆ ಕ್ಷಣ ನನ್ನನ್ನು ನೋಡಿದ್ದರೆ ಯಾವ ನೌಕಾಸೇನೆಯವರೂ ಎದ್ದು ನಿಂತು ಗೌರವ ಕೊಡುತ್ತಿದ್ದರು.

ಮಾವ ಎರಡೂ ಕೈ ಎತ್ತಿ ಏನೋ ಕೂಗಿದರು. ‘ಭೇಷ್’ ಅನ್ನುತ್ತಿದ್ದಾರೆ! ಇನ್ನೂ ಹತ್ತಿರದಿಂದ ಕೇಳಿಸಿಕೊಳ್ಳೋಣವೆಂದು ದಡದ ಕಡೆಗೆ ಗಕ್ಕನೆ ತಿರುಗಿಸಿದೆ. ಅವರು ಕೂಗುತ್ತಿದ್ದುದು “ನಿಧಾನ! ನಿಧಾನ!” ಎಂದು.

ತಿರುಗಿಸಿದ ರಭಸಕ್ಕೆ ಸಾಹೇಬ ಎಡಕ್ಕೊಮ್ಮೆ ಅಲ್ಲಾಡಿದ. ಬಲಕ್ಕೊಮ್ಮೆ ಅಲ್ಲಾಡಿದ. ನಿಂಬೆರಸದಲ್ಲಿ ನುಣ್ಣಗಾಗಿದ್ದ ಹಲಗೆಯ ಮೇಲೆ ಜಾರುಬಂಡೆಯಲ್ಲಿ ಮಗು ಜಾರುವ ಹಾಗೆ ಮೇಲೆದ್ದು, ಹೂಮಾಲೆ ಸಮೇತ ನೀರಿಗೆ ಇಳಿದ. ನನ್ನ ಕೈ ಇನ್ನೂ ಅವನ ಹಿಡಿಯ ಮೇಲಿತ್ತು. ಬಿಡಬೇಕೋ ಬೇಡವೋ? ಮಾವ ನಂಬಿ ಕೊಟ್ಟ ವಸ್ತು! ಬಿಡಲಿಲ್ಲ. ನಾನೂ ಹೋದೆ.

ಮೋಟರು ನೀರಿಗೆ ಬಿತ್ತು, ನಾನು ನೀರಿಗೆ ಬಿದ್ದೆ. ಬಾಳೆಕಂದು ಮಾತ್ರ ಒಂದಿಂಚು ಅಲ್ಲಾಡಲಿಲ್ಲ!

ಮುಳುಗಿದವನು ಮೇಲೆ ಬಂದೆ. ಹಿಡಿ ಕೈ ತಪ್ಪಿತ್ತು. ಲೈಫ್ ಜಾಕೆಟ್ಟು ನನ್ನನ್ನು ಅಂಗಾತ ಮಲಗಿಸಿ ತೇಲಿಸಿತು. ಕೈಕಾಲು ಬಡಿಯುತ್ತಾ, “ವಿಜಯಾ! ಹೋದೆ ಕಣೇ! ಗೀಸರ್ ಸ್ವಿಚ್ ಆಫ್ ಮಾಡಿಲ್ಲ!” ಎಂದು ಅರಚಿದೆ. ಸಾಯುವಾಗ ಮನುಷ್ಯನಿಗೆ ಏನೇನೋ ನೆನಪಾಗುತ್ತದಂತೆ. ನನಗೆ ಇದು.

“ಸಾರ್! ಕಾಲ್ ಕೆಳಗೆ ಬಿಡಿ ಸಾರ್!” ಸೆಲ್ವಂ ಕೂಗಿದರು.

“ಎದ್ದು ನಿಂತ್ಕೊಳ್ರೀ!” ಇದು ವಿಜಯಾ.

ನಿಂತೆ. ನೀರು ಸೊಂಟದ ತನಕ ಇತ್ತು.

ದಡದಲ್ಲಿ ಎದ್ದ ನಗೆ ಭದ್ರಾವತಿಗೆ ಕೇಳಿಸಿರಬೇಕು. ಮಾವ ಒಬ್ಬರೇ ನಗಲಿಲ್ಲ. ಪಂಚೆ ಎತ್ತಿ ಕಟ್ಟಿ ನೀರಿಗಿಳಿದಿದ್ದರು. ಕಾಲಲ್ಲಿ ತಡಕಾಡಿ ಸಾಹೇಬನನ್ನು ಹುಡುಕಿದೆವು. ಎತ್ತಿ ತಂದು ಬಟ್ಟೆಯ ಮೇಲೆ ಮಲಗಿಸಿದಾಗ ಅವನ ಬಾಯಿಂದ, ಮೂಗಿಂದ ಕೆರೆ ನೀರು ಸುರಿಯುತ್ತಿತ್ತು.

“ಈಗಿಂದೀಗ್ಲೇ ಸ್ಟಾರ್ಟ್ ಆಗ್ಬೇಕು,” ಮಾವ ಪಂಚೆಯ ಅಂಚಿನಲ್ಲೇ ಅವನನ್ನು ಒರೆಸತೊಡಗಿದರು. “ಒಳಗೆ ನೀರು ನಿಂತ್ರೆ ತುಕ್ಕು ಹಿಡಿದು ಕಚ್ಕೊಳುತ್ತೆ. ಆಮೇಲೆ ಮುಗೀತು.”

ನಗುತ್ತಿದ್ದವರು ಥಟ್ಟನೆ ನಿಲ್ಲಿಸಿದರು. ತಮ್ಮ ತಮ್ಮ ಮೋಟರು ಬಿಟ್ಟು ಆಪರೇಷನ್ ಥಿಯೇಟರಿಗೆ ಬಂದ ಡಾಕ್ಟರುಗಳಂತೆ ಸುತ್ತ ಕೂತರು. ಒಬ್ಬರು ಪ್ಲಗ್ ಬಿಚ್ಚಿದರು, ಒಬ್ಬರು ನೀರು ಬಸಿದರು, ಒಬ್ಬರು ಹೊಸ ಪೆಟ್ರೋಲ್ ತಂದರು. ನಾನು ದೂರದಲ್ಲಿ ತೊಟ್ಟಿಕ್ಕುತ್ತಾ ನಿಂತೆ. ಒಂದು ಪ್ರಶ್ನೆ ಕೇಳಲೂ ಧೈರ್ಯವಿಲ್ಲ. ಸಾಹೇಬ ಏಳದಿದ್ದರೆ ನಾನು ಆ ಮನೆಯ ಕಾಫಿ ಲೋಟದ ಹಕ್ಕನ್ನೂ ಕಳೆದುಕೊಳ್ಳುತ್ತಿದ್ದೆ.

ಕ್ಲಾಂಪು ಒರೆಸುತ್ತಿದ್ದ ಮಾವ ತಟಕ್ಕನೆ ಕೈ ನಿಲ್ಲಿಸಿದರು. ಬೆರಳು ಮೂಸಿದರು. ಪಕ್ಕದವರಿಗೂ ಮೂಸಿಸಿದರು.

“ಇದೇನಿದು, ನಿಂಬೆಹಣ್ಣು?”

ಅಷ್ಟೂ ತಲೆಗಳು ನನ್ನ ಕಡೆ ತಿರುಗಿದವು.

“ಅದು... ಚಕ್ರ ಇರ್ಲಿಲ್ವಲ್ಲ ಮಾವ...”

“ಸಾರ್,” ಸೆಲ್ವಂ ಬಹಳ ಮೆತ್ತಗೆ ಕೇಳಿದರು, “ನೀವು ಬಂದಿದ್ದು ಬೋಟ್ ಓಡ್ಸಕ್ಕಾ, ಉಪ್ಪಿನಕಾಯಿ ಹಾಕಕ್ಕಾ?”

ಮಾವ ನನಗೆ ಬೆನ್ನು ತಿರುಗಿಸಿದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಸಾಹೇಬನನ್ನು ಮತ್ತೆ ಹಲಗೆಗೆ ಕೂರಿಸಿ, ಒಣಗಿದ ಪ್ಲಗ್ ಹಾಕಿ, ತಾವೇ ಸ್ಕ್ರೂ ಬಿಗಿದರು. ಬಾಳೆಕಂದಿನ ಗಂಟುಗಳನ್ನು ಬಿಚ್ಚಲಾಗದೆ ವ್ಯವಸ್ಥಾಪಕರು ಬೇರೆ ಹಗ್ಗ ತಂದುಕೊಟ್ಟರು. ಇನ್ನು ಎಳೆಯುವವರು ಯಾರು?

ಪ್ರಾಯಶ್ಚಿತ್ತಕ್ಕೆಂದು ನಾನು ಒಂದು ಹೆಜ್ಜೆ ಮುಂದಿಟ್ಟೆ. “ಬೇಡ,” ಎಂದು ಎಲ್ಲರೂ ಒಟ್ಟಿಗೇ ಅಂದರು.

ವಿಜಯಾ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ದೋಣಿ ಹತ್ತಿದಳು. ಯಾವುದೋ ಚಿಕ್ಕ ಲಿವರನ್ನು ಮುಂದೆ ತಳ್ಳಿದಳು, ಇನ್ನೊಂದನ್ನು ಹಿಂದೆ ಎಳೆದಳು, ಹಗ್ಗ ಸುತ್ತಿ ಒಂದೇ ಒಂದು ಸಲ ರಪ್ಪನೆ ಎಳೆದಳು.

‘ಪಟ ಪಟ ಪಟ ಪಟ!’

ಅಷ್ಟೂ ಜನ ಎದ್ದು ಕುಣಿದರು. ಮಾವ ಹೆಗಲ ಮೇಲಿನ ಟವೆಲ್ಲಿನಿಂದ ಕಣ್ಣೊರೆಸಿಕೊಂಡು, “ಭೇಷ್ ಮಗಳೇ!” ಎಂದರು. ಅಂತೂ ಆ ಮಾತು ನಮ್ಮ ಸಂಸಾರಕ್ಕೆ ಬಂತು. ವಿಳಾಸ ಸ್ವಲ್ಪ ಬದಲಾಗಿತ್ತು, ಅಷ್ಟೇ.

“ನಿಂಗಿದು ಬರುತ್ತಾ?” ನಾನು ಬಾಯಿ ಬಿಟ್ಟುಕೊಂಡು ಕೇಳಿದೆ.

“ಸ್ಕೂಲಿಗೆ ಹೋಗೋವಾಗ್ಲಿಂದ ಎಳೀತಿದ್ದೆ. ಅವತ್ತು ಮನೇಲಿ ಹೇಳಕ್ಕೆ ಬಿಟ್ರಾ ನೀವು?”

ತಂದೆ ಮಗಳು ಒಂದು ಸುತ್ತು ಹೊರಟರು. ದಡ ಬಿಟ್ಟು ಸ್ವಲ್ಪ ದೂರ ಹೋದದ್ದೇ ದೋಣಿಯ ಮೂತಿ ಆಕಾಶ ನೋಡತೊಡಗಿತು. ಇಬ್ಬರೂ ಹಿಂದೆ ಕೂತಿದ್ದರಲ್ಲ! ವಾಪಸ್ ಬಂದರು. ಮಾವ ದಡದ ಮೇಲೆಲ್ಲ ಕಣ್ಣಾಡಿಸಿದರು. ಕಲ್ಲು ನೋಡಿದರು, ಕೂಟದ ಊಟಕ್ಕೆ ತಂದಿಟ್ಟ ಅಕ್ಕಿ ಚೀಲ ನೋಡಿದರು, ಅಡುಗೆಯವರ ಕೊಪ್ಪರಿಗೆ ನೋಡಿದರು. ಕೊನೆಗೆ ಆ ದೃಷ್ಟಿ ನನ್ನ ಮೇಲೆ ಬಂದು ನಿಂತಿತು. ಮೇಲಿಂದ ಕೆಳಗೆ ಅಳೆದರು. ಮದುವೆಗೆ ಹುಡುಗನನ್ನು ನೋಡಲು ಬಂದಾಗಲೂ ಅವರು ನನ್ನನ್ನು ಅಷ್ಟು ಮೆಚ್ಚುಗೆಯಿಂದ ನೋಡಿರಲಿಲ್ಲ.

“ಬನ್ನಿ ಅಳಿಯಂದಿರೇ. ಮುಂದೆ ಭಾರಕ್ಕೆ ಒಂದು ಬೇಕಾಗಿತ್ತು.”

ಓಡಿ ಹೋಗಿ ಹತ್ತಿದೆ. “ಏನು ಮಾಡ್ಬೇಕು ಮಾವ?”

“ಏನೂ ಮಾಡ್ಬೇಡಿ.”

ಏನೂ ಮಾಡಲಿಲ್ಲ. ದೋಣಿ ಸಮವಾಗಿ, ನೆಟ್ಟಗೆ, ನೀರು ಸೀಳಿಕೊಂಡು ಕೆರೆಯ ಪೂರ್ತಿ ಒಂದು ಸುತ್ತು ಬಂತು. ಇಳಿಯುವಾಗ ಮಾವ ನನ್ನ ಒದ್ದೆ ಬೆನ್ನು ತಟ್ಟಿ, “ಸರಿಯಾದ ತೂಕ,” ಎಂದರು.